ಕೇಳಿ ತೆಗೆದರೆ ಫೋಟೋ ಕೆಡುತ್ತಾ?

ಪ್ರಶ್ನೆ: ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯಲು ಬರುವ ಕುಟುಂಬಗಳ ಫೋಟೋ ತೆಗೆಯುತ್ತೇನೆ. ಮೊದಲೇ ಕೇಳಿದರೆ ಎಲ್ಲರೂ ಸಾಲಾಗಿ ನೆಟ್ಟಗೆ ನಿಂತುಬಿಡುತ್ತಾರೆ. ಅವರ ಕಷ್ಟ ಕಾಣುವುದೇ ಇಲ್ಲ. ಕೇಳದೆ ದೂರದಿಂದ ತೆಗೆದರೆ ತಪ್ಪಾ?

ಕೇಳಿಯೇ ತೆಗೆಯಿರಿ. ಹೆಸರನ್ನೂ ಕೇಳಿ.

ಬಡತನದ ಫೋಟೋ ಅಂದರೆ ಜಗತ್ತಿಗೆಲ್ಲ ಮೊದಲು ನೆನಪಾಗುವ ಒಂದು ಚಿತ್ರ ಇದೆ. 1936ರ ಮಾರ್ಚ್. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಬರಕ್ಕೆ, ಸಾಲಕ್ಕೆ ಸಿಕ್ಕ ಹಳ್ಳಿಯವರು ನಮ್ಮವರ ಹಾಗೇ ಗುಳೆ ಹೊರಟಿದ್ದರು. ಅವರ ಸ್ಥಿತಿ ದಾಖಲಿಸಲು ಸರ್ಕಾರವೇ ಫೋಟೋಗ್ರಾಫರ್‌ಗಳನ್ನು ಇಟ್ಟುಕೊಂಡಿತ್ತು. ಡೊರೊಥಿಯಾ ಲ್ಯಾಂಗ್ ಅವರಲ್ಲೊಬ್ಬರು. ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಬಿಡಿಸಲು ಬಂದ ಕೂಲಿಗಳು ಗುಡಾರ ಹಾಕಿದ್ದರು. ಚಳಿಗೆ ಬೆಳೆ ಹಾಳಾಗಿ ಕೆಲಸ ಇರಲಿಲ್ಲ. ಅಲ್ಲಿ 32 ವರ್ಷದ ತಾಯಿಯೊಬ್ಬಳನ್ನು ಲ್ಯಾಂಗ್ ಮಾತಾಡಿಸಿದರು, ಹತ್ತಿರ ಹತ್ತಿರ ಹೋಗುತ್ತಾ ತೆಗೆದರು. ಕೆನ್ನೆಗೆ ಕೈ, ಮಡಿಲಲ್ಲಿ ಕೂಸು, ಎರಡೂ ಭುಜಕ್ಕೆ ಮುಖ ಮರೆಮಾಡಿಕೊಂಡ ಮಕ್ಕಳು. ಅದು ಕದ್ದು ತೆಗೆದದ್ದಲ್ಲ.

ಆದರೆ ಅವರು ಹೆಸರು ಕೇಳಲಿಲ್ಲ. ಹೊಟ್ಟೆಗೆ ಇಲ್ಲದೆ ಕಾರಿನ ಟೈರ್ ಮಾರಿದ್ದಾರೆ ಎಂದು ಬರೆದರು. ಮನೆಯವರು ಮುಂದೆ ಅದನ್ನು ಒಪ್ಪಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಅಲ್ಲಿಗೆ ಸುಮಾರು 9 ಟನ್ ಆಹಾರ ಬಂತು. ಅಷ್ಟರಲ್ಲಿ ಈ ಕುಟುಂಬ ಕೆಲಸ ಹುಡುಕಿ ಮುಂದೆ ಹೋಗಿತ್ತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವುದು ಜನಕ್ಕೆ ಗೊತ್ತಾಗಿದ್ದು 1978ರಲ್ಲಿ. 42 ವರ್ಷ ಆಕೆಯ ಮುಖ ಎಲ್ಲರಿಗೂ ಗೊತ್ತು, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ನೆಟ್ಟಗೆ ನಿಲ್ಲುವ ಮಾತು. ಮುಧೋಳ ಹತ್ತಿರ ರವದಿ (ಕಬ್ಬಿನ ಒಣ ಎಲೆ) ಹೊದಿಸಿದ ಗುಡಿಸಲ ಮುಂದೆ ನಾನು ಕ್ಯಾಮೆರಾ ಎತ್ತಿದಾಗ ಆ ಮನೆಯ ತಾಯಿ, "ತಡೀರಿ ಅಣ್ಣಾರ, ಹುಡುಗೀ ತಲಿ ಹಿಕ್ಕತೀನಿ" ಅಂದಳು. ಬೆಳಕು ಹೋಗುತ್ತೆ ಅಂತ ನನಗೆ ಅವಸರ. ಅವಳು ಕೊಡದಿಂದ ಅಂಗೈಗೆ ನೀರು ಸುರಿದುಕೊಂಡು ಮಗಳ ಕೂದಲಿಗೆ ಸವರಿದಳು. ಎಣ್ಣೆ ಇರಲಿಲ್ಲ. ಬೈತಲೆ ತೆಗೆದಳು. ಆ ಬೆರಳುಗಳ ತುಂಬ ಕಬ್ಬಿನ ಎಲೆ ಕೊಯ್ದ ಗೀರು. ನಾನು ಕಾಯದೇ ಇದ್ದಿದ್ದರೆ ಆ ಕೈ ನನಗೆ ಕಾಣುತ್ತಲೇ ಇರಲಿಲ್ಲ. ಮೊದಲು ಅವರಿಗೆ ಬೇಕಾದ ಫೋಟೋ ತೆಗೆದುಕೊಡಿ. ಆಮೇಲೆ ಸುಮ್ನೆ ಕೂತಿರಿ. ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ.

ಫೋಟೋ ಎಲ್ಲಿ ಹಾಕುತ್ತೀರಿ ಅಂತ ಬಿಡಿಸಿ ಹೇಳಿ. ಮೊಬೈಲ್‌ನಲ್ಲಿ ಅದು ಅವರ ಊರಿಗೂ ಹೋಗುತ್ತೆ, ಕಬ್ಬು ಕಡಿಯಲು ಮುಂಗಡ ಹಣ ಕೊಟ್ಟವನ ಕೈಗೂ ಹೋಗುತ್ತೆ. ಸಾಲದ ಮಾತು ಬರೆದರೆ ತೊಂದರೆ ಆಗುವುದು ಅವರಿಗೇ ಅಲ್ವಾ? ಹೆಸರು ಹಾಕಬೇಡಿ ಅಂದರೆ ಹಾಕಬೇಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಇರಲಿ. ಬೇಡ ಅಂದರೆ ಕ್ಯಾಮೆರಾ ಚೀಲಕ್ಕೆ ಹಾಕಿ.

ಪ್ರಿಂಟ್ ಕೊಡುವುದನ್ನು ಮರೆಯಬೇಡಿ. ನೀವು ವಾಪಸ್ ಬರುವಷ್ಟರಲ್ಲಿ ಗ್ಯಾಂಗ್ ಬೇರೆ ಹೊಲಕ್ಕೆ ಹೋಗಿರುತ್ತೆ. ಅದಕ್ಕೇ ಅವರ ಊರು, ಊರಲ್ಲಿ ಉಳಿದ ಹಿರಿಯರ ಫೋನ್ ನಂಬರ್ ಅವತ್ತೇ ಬರೆದುಕೊಳ್ಳಿ. ನಾನು ಆ ಪ್ರಿಂಟ್ ಕೊಟ್ಟದ್ದು ಇಂಡಿ ತಾಲ್ಲೂಕಿನ ಅವರ ಊರಿನಲ್ಲಿ, ಅಜ್ಜಿಯ ಕೈಗೆ. ಅವರು ಮೊದಲು ಬೆರಳಿಟ್ಟು ನೋಡಿದ್ದು ಮೊಮ್ಮಗಳ ಬೈತಲೆ.