ಮೊದಲ ವಿಕೆಟ್ಟಿನ ಬೆಲೆ ಹದಿಮೂರು ರನ್

ಬಸವನಗುಡಿಯ ಬಯಲಿನಲ್ಲಿ ನಾವು ಆಡುತ್ತಿದ್ದ ಕಾಲಕ್ಕೆ ಆರಂಭಿಕ ಬ್ಯಾಟ್ಸ್‌ಮನ್‌ಗಳನ್ನು ಆರಿಸಲು ಸಮಿತಿ ಬೇಕಿರಲಿಲ್ಲ. ಬ್ಯಾಟು ಯಾರದೋ ಅವನೇ ಒಂದನೆಯವನು, ಚೆಂಡು ತಂದವನು ಎರಡನೆಯವನು. ಬೇಗ ಔಟಾದರೆ ಬ್ಯಾಟಿನ ಸಮೇತ ಮನೆಗೆ ಹೊರಟುಬಿಡುತ್ತಾನೆ ಎಂಬ ಭಯಕ್ಕೆ ಅವನಿಗೆ ಮೆಲ್ಲಗೆ ಎಸೆಯುವ ಒಳಒಪ್ಪಂದವೂ ಇರುತ್ತಿತ್ತು.

ಈಗ ಗಾಂಧಿ ಬಜಾರಿನಲ್ಲಿ ಕಾಫಿ ಲೋಟ ಹಿಡಿದು ನಿಂತವರಲ್ಲಿ ಎರಡು ಬಣಗಳಿವೆ. ಏಕದಿನ ಸರಣಿ ಶುರುವಾಗುವ ಮುನ್ನ ಆರಂಭಿಕರು ಯಾರಾಗಬೇಕೆಂದು ಒಂದು ಬಣ ಸರಾಸರಿಯ ಪಟ್ಟಿ ಓದುತ್ತದೆ, ಇನ್ನೊಂದು ಸ್ಟ್ರೈಕ್‌ರೇಟಿನದು, ಅಂದರೆ ನೂರು ಎಸೆತಕ್ಕೆ ಹೊಡೆಯುವ ರನ್ನಿನದು. ಮೊದಲ ಹತ್ತು ಓವರುಗಳಲ್ಲಿ ಒಂದು ವಿಕೆಟ್ ಹೋದರೆ ತಂಡಕ್ಕಾಗುವ ನಷ್ಟ ಎಷ್ಟು ರನ್ ಎಂದು ಕೇಳಿದರೆ ಮಾತ್ರ ಎರಡೂ ಬಣಗಳು ಕಾಫಿಯತ್ತ ನೋಡುತ್ತವೆ.

ಉತ್ತರ ಇರುವುದು ಮಳೆ ಬಂದ ದಿನ ಮಾತ್ರ ನಾವು ನೆನೆದು ಬೈಯುವ ಕೋಷ್ಟಕದಲ್ಲಿ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರಾದ ಫ್ರಾಂಕ್ ಡಕ್ವರ್ತ್ ಮತ್ತು ಟೋನಿ ಲೂಯಿಸ್ ರೂಪಿಸಿದ, 1997ರಲ್ಲಿ ಮೊದಲು ಬಳಕೆಗೆ ಬಂದ, ಮಳೆಗೆ ಓವರುಗಳು ಕಡಿತವಾದಾಗ ಗುರಿಯನ್ನು ಮರುಲೆಕ್ಕ ಹಾಕುವ ಪದ್ಧತಿ ಅದು. ತಂಡದ ಕೈಯಲ್ಲಿರುವ ಬಂಡವಾಳ ಎರಡು ಬಗೆಯದು, ಉಳಿದ ಓವರುಗಳು ಮತ್ತು ಉಳಿದ ವಿಕೆಟ್‌ಗಳು. ಐವತ್ತು ಓವರು, ಹತ್ತು ವಿಕೆಟ್ ಇದ್ದಾಗ ಬಂಡವಾಳ ಶೇ 100. ಅದರ ಹಳೆಯ ಕೋಷ್ಟಕದಂತೆ ಹತ್ತು ಓವರು ಕಳೆದಾಗ ಯಾರೂ ಔಟಾಗದಿದ್ದರೆ ಉಳಿಯುವುದು ಶೇ 89.3. ಒಬ್ಬ ಔಟಾಗಿದ್ದರೆ 84.2, ಇಬ್ಬರಾದರೆ 77.8.

ಇದನ್ನು ರನ್ನಿಗೆ ಪರಿವರ್ತಿಸಿ ನೋಡಿ. ಕೊನೆಗೆ 250 ರನ್ ಗಳಿಸಬಲ್ಲ ತಂಡವೆಂದುಕೊಂಡರೆ, ಹತ್ತು ಓವರಿನ ಕೊನೆಗೆ ವಿಕೆಟ್ ನಷ್ಟವಿಲ್ಲದೆ 27, ಒಂದು ವಿಕೆಟ್ಟಿಗೆ 40, ಎರಡು ವಿಕೆಟ್ಟಿಗೆ 56, ಈ ಮೂರೂ ಹೆಚ್ಚುಕಡಿಮೆ ಒಂದೇ ಸ್ಥಿತಿ. ಮೊದಲ ವಿಕೆಟ್ಟಿನ ಬೆಲೆ ಹದಿಮೂರು ರನ್, ಎರಡನೆಯದರದು ಹದಿನಾರು. ವಿಕೆಟ್ ಕಾಪಾಡಿಕೊಂಡು 27 ರನ್ ಗಳಿಸಿ ಬೆವರೊರೆಸಿಕೊಳ್ಳುವ ಜೋಡಿಗೆ ನಾವು ಚಪ್ಪಾಳೆ ತಟ್ಟುತ್ತೇವೆ, 56ಕ್ಕೆ ಇಬ್ಬರು ಔಟಾದರೆ ತಲೆ ಚಚ್ಚಿಕೊಳ್ಳುತ್ತೇವೆ. ಕೋಷ್ಟಕಕ್ಕೆ ಎರಡೂ ಒಂದೇ. ಇದು ನಿಧಾನದ ಕಾಲದ ಅಂಕಿಗಳನ್ನು ಆಧರಿಸಿದ ಕೋಷ್ಟಕ, ನಿಜ. ದೊಡ್ಡ ಮೊತ್ತಗಳ ಕಾಲಕ್ಕೆ ತಕ್ಕಂತೆ ಅದನ್ನು ಸಂಖ್ಯಾಶಾಸ್ತ್ರಜ್ಞ ಸ್ಟೀವನ್ ಸ್ಟರ್ನ್ ತಿದ್ದಿದ್ದಾರೆ. ಆದರೂ ಅಂದಾಜು ಲೆಕ್ಕಕ್ಕೆ ಹಳೆಯದೇ ಸಾಕು.

ಮೂವತ್ತು ಎಸೆತಗಳಲ್ಲಿ ಒಬ್ಬ 24 ರನ್ ಹೊಡೆಯುತ್ತಾನೆ, ಇನ್ನೊಬ್ಬ 36. ಎರಡನೆಯವನು ಹೆಚ್ಚು ದುಡುಕುವುದರಿಂದ ಪ್ರತಿ ಎರಡು ಪಂದ್ಯಕ್ಕೊಮ್ಮೆ ಹೆಚ್ಚುವರಿಯಾಗಿ ಬೇಗ ಔಟಾಗುತ್ತಾನೆ ಎನ್ನೋಣ. ಗಳಿಕೆ ಹನ್ನೆರಡು, ನಷ್ಟ ಆರೂವರೆ. ದುಡುಕನೇ ಲಾಭ.

1996ರ ವಿಶ್ವಕಪ್ಪಿನಲ್ಲಿ ಶ್ರೀಲಂಕಾ ಈ ಬಾಜಿ ಕಟ್ಟಿತ್ತು. ಜಯಸೂರ್ಯ ಮತ್ತು ಕಲುವಿತರಣ ಎದುರಾಳಿಗಳನ್ನು ಚಿಂದಿ ಮಾಡಿದರೆಂಬುದು ನಮ್ಮೆಲ್ಲರ ನೆನಪು. ಆದರೆ ಆ ಟೂರ್ನಿಯಲ್ಲಿ ಕಲುವಿತರಣ ಗಳಿಸಿದ್ದು ಆರು ಇನಿಂಗ್ಸ್‌ಗಳಲ್ಲಿ 73 ರನ್, ಅಷ್ಟೇ. ಈಡನ್ ಗಾರ್ಡನ್ಸ್‌ನ ಸೆಮಿಫೈನಲ್‌ನಲ್ಲಂತೂ ನಮ್ಮ ಮೈಸೂರಿನ ಶ್ರೀನಾಥ್ ಇಬ್ಬರನ್ನೂ ಮೊದಲ ಓವರಿನಲ್ಲೇ ಕಳುಹಿಸಿದರು. ಜಯಸೂರ್ಯ ಹೊಡೆದ ಚೆಂಡನ್ನು ಹಿಡಿದವರು ವೆಂಕಟೇಶ್ ಪ್ರಸಾದ್. ಓವರುಗಳು ಹೆಚ್ಚು ಉಳಿದಷ್ಟೂ ವಿಕೆಟ್ಟಿನ ಬೆಲೆ ಹೆಚ್ಚು, ಕೋಷ್ಟಕದ ಲೆಕ್ಕಕ್ಕೆ ಸುಮಾರು 37 ರನ್ನಿನ ಪೆಟ್ಟು ಅದು. ಅರವಿಂದ ಡಿಸಿಲ್ವಾ ಬಂದು 47 ಎಸೆತಗಳಲ್ಲಿ 66 ಹೊಡೆದರು, ಮೊತ್ತ 251ಕ್ಕೆ ಮುಟ್ಟಿತು. ಹಿಂದೆ ಡಿಸಿಲ್ವಾರಂಥವರು ಕಾಯುತ್ತಿರುವಾಗ ಆ ಪೆಟ್ಟು ತಡೆದುಕೊಳ್ಳಬಹುದಾದದ್ದೇ.

ಕೋಷ್ಟಕಕ್ಕೆ ಒಂದು ಕುರುಡಿದೆ. ಔಟಾದವನ ಹೆಸರು ಅದಕ್ಕೆ ಗೊತ್ತಿಲ್ಲ. ಇನಿಂಗ್ಸಿನ 300 ಎಸೆತಗಳಲ್ಲಿ ಐದನೇ ಕ್ರಮಾಂಕದವನ ಪಾಲಿಗೆ ಎಷ್ಟು ಬರುತ್ತದೆಂಬುದು ಇತರರ ಕೃಪೆ, ಮೊದಲು ಬಂದವನಿಗೆ ಅಷ್ಟೂ ತೆರೆದಿರುತ್ತದೆ. ಹಾಗಾಗಿ ಅತ್ಯುತ್ತಮನನ್ನು ಕೆಳಗೆ ಬಚ್ಚಿಡುವುದು ಧಾರಾಳಿಯ ಜಿಪುಣತನ. 1994ರ ಮಾರ್ಚ್ 27ರಂದು ಆಕ್ಲೆಂಡಿನಲ್ಲಿ ಆರಂಭಿಕ ಆಟಗಾರ ಸಿಧು ಅವರ ಕುತ್ತಿಗೆ ಹಿಡಿದುಕೊಂಡಿತು, ಸಚಿನ್ ಮೊದಲ ಬಾರಿಗೆ ಇನಿಂಗ್ಸ್ ಆರಂಭಿಸಿದರು, 49 ಎಸೆತಗಳಲ್ಲಿ 82. ಅವರ ಮೊದಲ ಏಕದಿನ ಶತಕ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ತಮ್ಮ 79ನೇ ಪಂದ್ಯದಲ್ಲಿ. ಒಂದು ಕುತ್ತಿಗೆನೋವಿಗೆ ಭಾರತ ಇಷ್ಟು ಋಣಿ.

ಇನ್ನು ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಚೆನ್ನೈ ಗಾಳಿಗಿಂತ ಶೇ 8ರಷ್ಟು ತೆಳು. ಹೊಸ ಚೆಂಡಿನ ಹೊಲಿಗೆ ಒಂದು ಬದಿಯ ಗಾಳಿಯನ್ನು ಕದಡುತ್ತದೆ, ಆ ಬದಿಯ ಗಾಳಿಪದರ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಸಾಗುತ್ತದೆ, ಚೆಂಡು ಅತ್ತ ವಾಲುತ್ತದೆ. ವಾಲಿಸುವ ಬಲ ಗಾಳಿಯ ಸಾಂದ್ರತೆಗೆ ತಕ್ಕಷ್ಟು. ಸಮುದ್ರತೀರದಲ್ಲಿ ಅರ್ಧ ಮೀಟರ್ ತಿರುಗುವ ಚೆಂಡು ಇಲ್ಲಿ ನಾಲ್ಕು ಸೆಂಟಿಮೀಟರ್ ಕಡಿಮೆ ತಿರುಗುತ್ತದೆ. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂಟಿಮೀಟರ್, ನಡುವಿನಿಂದ ಅಂಚಿಗೆ ಐದು ಚಿಲ್ಲರೆ. ಮೇಲೆ ಹಾರಿದ ಚೆಂಡನ್ನು ತಡೆಯುವ ಗಾಳಿಯೂ ಕಡಿಮೆ, ಚಿನ್ನಸ್ವಾಮಿ ಕ್ರೀಡಾಂಗಣದ ಬೌಂಡರಿಯೂ ಹತ್ತಿರ. ನನ್ನನ್ನು ಕೇಳಿದರೆ, ಚೆಂಡು ಹೆಚ್ಚು ವಾಲುವ ಇಂಗ್ಲೆಂಡಿನ ಲೀಡ್ಸಿಗೆ ಹೊರಟ ಆರಂಭಿಕ ಜೋಡಿಯನ್ನು ಹಾಗೇ ಚಿನ್ನಸ್ವಾಮಿಯಲ್ಲಿ ಇಳಿಸುವುದು ಛತ್ರಿ ಹಿಡಿದು ಬಿಸಿಲಿಗೆ ಹೋದಂತೆ. ಉಪಯೋಗವಿಲ್ಲವೆಂದಲ್ಲ, ಒಂದು ಕೈ ವ್ಯರ್ಥ.

ಅದೇ ಮೈದಾನದಲ್ಲಿ 1996ರ ಮಾರ್ಚ್ 9ರಂದು ಕ್ವಾರ್ಟರ್‌ಫೈನಲ್. 288ರ ಗುರಿ ಬೆನ್ನಟ್ಟಿದ ಪಾಕಿಸ್ತಾನದ ಸಯೀದ್ ಅನ್ವರ್ ಮತ್ತು ಆಮಿರ್ ಸೊಹೈಲ್ ಸುಮಾರು ಹತ್ತು ಓವರುಗಳಲ್ಲಿ 84 ಹೊಡೆದರು. ಕೋಷ್ಟಕದ ಪ್ರಕಾರ 31 ಇದ್ದರೆ ಸಾಕಿತ್ತು. ಆರಂಭಿಕ ಜೋಡಿಯಿಂದ ಇದಕ್ಕಿಂತ ಹೆಚ್ಚೇನನ್ನು ಕೇಳುವುದು? ಅನ್ವರ್ ಔಟಾದ ಮೇಲೆ ಸೊಹೈಲ್, ಪ್ರಸಾದ್ ಎಸೆತವನ್ನು ಬೌಂಡರಿಗಟ್ಟಿ ಮತ್ತೆ ಅಲ್ಲಿಗೇ ಹೊಡೆಯುತ್ತೇನೆಂದು ಬ್ಯಾಟು ತೋರಿಸಿದರು. ಮರು ಎಸೆತಕ್ಕೆ ಬೌಲ್ಡ್. ಆಗಲೂ ಲೆಕ್ಕದಲ್ಲಿ ಪಾಕಿಸ್ತಾನವೇ ಮುಂದಿತ್ತು, ಕೊನೆಗೆ ಸೋತದ್ದು 39 ರನ್ನಿಗೆ. ಕೋಷ್ಟಕದಂತೆ ಪ್ರಸಾದರ ಆ ಒಂದು ಎಸೆತದ ಬೆಲೆ ಹದಿನಾರು ರನ್ನಿನ ಆಸುಪಾಸು. ಗಾಂಧಿ ಬಜಾರಿನಲ್ಲಿ ಅಷ್ಟು ಅಗ್ಗಕ್ಕೆ ಅದನ್ನು ಕೊಡಲು ಯಾರೂ ತಯಾರಿಲ್ಲ.