ಬಿಸಿ ಜಾಸ್ತಿಯಾದರೆ ಸಾಲದು, ಹೊಗೆ ಹಗುರವಿರಬೇಕು

ಕಾಲೇಜು ಹುಡುಗರ ಜೊತೆ ರಾಕೆಟ್ ಬಗ್ಗೆ ಮಾತಾಡಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ದ್ರವ ಹೈಡ್ರೋಜನ್ನೇ ಎಲ್ಲಕ್ಕಿಂತ ಒಳ್ಳೆಯ ಇಂಧನ ಅಂತೀರಿ. ಹಾಗಾದ್ರೆ ಇಡೀ ರಾಕೆಟ್‌ಗೆ ಅದನ್ನೇ ತುಂಬಬಹುದಲ್ವಾ?" ಉತ್ತರಕ್ಕೆ ದೂರ ಹೋಗಬೇಕಿಲ್ಲ. ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟನ್ನೇ ನೋಡಿ. ಮೂರು ಹಂತ, ಮೂರಕ್ಕೂ ಬೇರೆ ಬೇರೆ ಇಂಧನ.

ಮೊದಲು ಅಳತೆ ಹೇಗೆ ಅಂತ ನೋಡೋಣ. ಒಂದು ಕೆಜಿ ಪ್ರೊಪೆಲೆಂಟ್ (ಇಂಧನ ಮತ್ತು ಅದನ್ನು ಉರಿಸುವ ವಸ್ತು ಎರಡೂ ಸೇರಿ) ಒಂದು ಕೆಜಿ ತೂಕದಷ್ಟು ಬಲವನ್ನು ಎಷ್ಟು ಸೆಕೆಂಡು ಕೊಡಬಲ್ಲದು? ಇದನ್ನು ಸ್ಪೆಸಿಫಿಕ್ ಇಂಪಲ್ಸ್ ಅನ್ನುತ್ತೇವೆ. ನಿರ್ವಾತದಲ್ಲಿ ಕೆಳಗಿನ ಹಂತದ ಎಸ್200 ಘನ ಬೂಸ್ಟರ್‌ಗೆ ಇದು ಸುಮಾರು 274 ಸೆಕೆಂಡು, ನಡುವಿನ ಹಂತದ ವಿಕಾಸ್ ಎಂಜಿನ್‌ಗೆ 293, ಮೇಲಿನ ಹಂತದಲ್ಲಿ ಹೈಡ್ರೋಜನ್ ಉರಿಸುವ ಸಿಇ-20 ಎಂಜಿನ್‌ಗೆ 442ರ ಆಸುಪಾಸು.

ಹೈಡ್ರೋಜನ್ ಜಾಸ್ತಿ ಶಾಖ ಕೊಡುತ್ತದೆ, ನಿಜ. ಆದರೆ ಗುಟ್ಟು ಅದೊಂದೇ ಅಲ್ಲ. ಹೊಗೆ ವೇಗವಾಗಿ ಹೊರಬಿದ್ದಷ್ಟೂ ಇಂಪಲ್ಸ್ ಜಾಸ್ತಿ, ಮತ್ತು ಅದೇ ಬಿಸಿಯಲ್ಲಿ ಹಗುರ ಅಣು ಹೆಚ್ಚು ವೇಗವಾಗಿ ಓಡುತ್ತದೆ. ಸೀಮೆಎಣ್ಣೆ ಉರಿದರೆ ನೀರಾವಿಯ ಜೊತೆ ಕಾರ್ಬನ್ ಡೈಆಕ್ಸೈಡ್ ಕೂಡ ಬರುತ್ತದೆ, ಅದರ ಅಣುತೂಕ 44. ಹೈಡ್ರೋಜನ್ ಉರಿದರೆ ಬರೀ ನೀರಾವಿ, 18. ನಮಗೆ ಅದೂ ಭಾರವೇ! ಒಂದು ಕೆಜಿ ಹೈಡ್ರೋಜನ್ ಪೂರ್ತಿ ಉರಿಯಲು 8 ಕೆಜಿ ಆಕ್ಸಿಜನ್ ಬೇಕು. ಸಿಇ-20ರಲ್ಲಿ ನಾವು ಕೊಡುವುದು 5 ಕೆಜಿಗಿಂತ ಚೂರು ಜಾಸ್ತಿ, ಅಷ್ಟೇ. ಉರಿಯದೆ ಉಳಿದ ಹೈಡ್ರೋಜನ್‌ನ ಅಣುತೂಕ ಬರೀ 2. ಅದು ನೀರಾವಿಯ ಜೊತೆ ಬೆರೆತಾಗ ಸರಾಸರಿ 12ಕ್ಕೆ ಇಳಿಯುತ್ತದೆ. ಉರಿಯ ಬಿಸಿ ಸ್ವಲ್ಪ ತಗ್ಗಿದರೂ ವೇಗ ಏರುತ್ತದೆ. ಇಂಧನ ಅರೆಬರೆ ಉರಿದರೇ ಲಾಭ ಅಂದರೆ ಹುಡುಗರು ನಂಬುವುದಿಲ್ಲ, ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಬೇಕಾಗುತ್ತದೆ.

ಇನ್ನು ತೊಂದರೆಯ ಕಡೆ. ಎಲ್‌ವಿಎಂ-3ರ ಮೇಲಿನ ಹಂತದಲ್ಲಿ ಸುಮಾರು 28 ಟನ್ ಪ್ರೊಪೆಲೆಂಟ್ ಇರುತ್ತದೆ. ಅದರಲ್ಲಿ ಹೈಡ್ರೋಜನ್ ಐದು ಟನ್ನೂ ಇಲ್ಲ. ಆದರೂ ಅದಕ್ಕೆ 65 ಘನ ಮೀಟರ್ ಜಾಗ ಬೇಕು. ಅದರ ಐದು ಪಟ್ಟು ತೂಗುವ ಆಕ್ಸಿಜನ್‌ಗೆ 20 ಘನ ಮೀಟರ್ ಸಾಕು. ದ್ರವ ಹೈಡ್ರೋಜನ್ ಒಂದು ಲೀಟರ್‌ಗೆ 71 ಗ್ರಾಂ ಮಾತ್ರ ತೂಗುತ್ತದೆ, ನೋಡಿ. ಕೆಳಗಿನ ಹಂತಕ್ಕೂ ಇದನ್ನೇ ತುಂಬಲು ಹೊರಟರೆ ಟ್ಯಾಂಕೇ ಬೆಟ್ಟದಷ್ಟಾಗುತ್ತದೆ. ಮೇಲಾಗಿ ನೆಲ ಬಿಡುವಾಗ ಬೇಕಾಗಿರುವುದು ಮಿತವ್ಯಯವಲ್ಲ, ಬಲ. ಸಿಇ-20 ಕೊಡುವುದು 20 ಟನ್ ಬಲ. ರಾಕೆಟ್ಟಿನ ತೂಕವೇ 640 ಟನ್.

ಆ ಬಲ ಬರುವುದು ಎರಡು ಎಸ್200ಗಳಿಂದ. ಒಂದೊಂದರಲ್ಲೂ 200 ಟನ್ನಿಗೂ ಮಿಕ್ಕಿದ ಘನ ಪ್ರೊಪೆಲೆಂಟ್. ಕೈಯಲ್ಲಿ ಹಿಡಿದರೆ ಪೆನ್ಸಿಲ್ ಅಳಿಸುವ ರಬ್ಬರಿನ ಹದ. ಅದು ನಿಜಕ್ಕೂ ರಬ್ಬರೇ: ಎಚ್‌ಟಿಪಿಬಿ ಅನ್ನುವ ಪಾಲಿಮರ್. ಅದರೊಳಗೆ ಆಕ್ಸಿಜನ್ ಒದಗಿಸುವ ಅಮೋನಿಯಂ ಪರ್ಕ್ಲೋರೇಟ್ ಹರಳು ಮತ್ತು ಅಲ್ಯೂಮಿನಿಯಂ ಪುಡಿ ಕಲೆಸಿರುತ್ತಾರೆ. ಅಲ್ಯೂಮಿನಿಯಂ ಉರಿದಾಗ ಬರುವ ಆಕ್ಸೈಡ್ ಗ್ಯಾಸ್ ಅಲ್ಲ, ಕಾದ ಹನಿ. ಹೊಗೆ ಹಗುರವಿರಬೇಕು ಅನ್ನುವ ನಿಯಮಕ್ಕೆ ಪೂರ್ತಿ ಉಲ್ಟಾ. ಆದರೂ ಅದು ಕೊಡುವ ಶಾಖ ಆ ನಷ್ಟವನ್ನು ತುಂಬಿ ಮಿಗುತ್ತದೆ. ಉಡಾವಣೆಯಲ್ಲಿ ಕಾಣುವ ದಟ್ಟ ಬಿಳಿ ಹೊಗೆಗೆ ಮುಖ್ಯ ಕಾರಣವೂ ಇದೇ. ಘನ ಪ್ರೊಪೆಲೆಂಟ್‌ನಲ್ಲಿ ನನಗೆ ಭಯ ಇರುವುದು ಬಿರುಕಿನದ್ದು. ಉರಿ ಮೇಲ್ಮೈಯಲ್ಲಿ ಮಾತ್ರ ನಡೆಯುತ್ತದೆ. ಬಿರುಕು ಬಿಟ್ಟರೆ ಉರಿಯುವ ಮೇಲ್ಮೈ ಏಕಾಏಕಿ ಹೆಚ್ಚಿ, ಒತ್ತಡ ಏರಿ, ಕವಚವೇ ಒಡೆಯಬಹುದು. ಹೊತ್ತಿಸಿದ ಮೇಲೆ ಆರಿಸುವ ಸ್ವಿಚ್ ಬೇರೆ ಇಲ್ಲ. ಗಾಳಿಗುಳ್ಳೆ ಉಳಿಯಬಾರದೆಂದು ಈ ಮಿಶ್ರಣವನ್ನು ನಿರ್ವಾತದಲ್ಲೇ ಎರಕ ಹೊಯ್ಯುತ್ತಾರೆ.

ನಡುವಿನ ಹಂತದ ವಿಕಾಸ್‌ಗೆ ಕಿಡಿಯೇ ಬೇಡ. ಯುಎಚ್25 ಅನ್ನುವ ದ್ರವ ಇಂಧನ ಮತ್ತು ಅದನ್ನು ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡ್ ಒಂದಕ್ಕೊಂದು ತಾಗಿದರೆ ಸಾಕು, ಹೊತ್ತಿಕೊಳ್ಳುತ್ತವೆ. ಎರಡೂ ವಿಷ, ಎರಡನ್ನೂ ಮಾಮೂಲಿ ತಾಪದಲ್ಲೇ ಇಡಬಹುದು. ಯುಎಚ್25ರಲ್ಲಿರುವ ಕಾಲು ಭಾಗ ಹೈಡ್ರಾಜೀನ್ ಹೈಡ್ರೇಟ್ ಸುಮ್ನೆ ಬಂದದ್ದಲ್ಲ. ವಿಕಾಸ್‌ನ ಮೂಲ ಫ್ರಾನ್ಸಿನ ವೈಕಿಂಗ್ ಎಂಜಿನ್. 1980ರ ಮೇನಲ್ಲಿ ಯುರೋಪಿನ ಏರಿಯಾನ್ ರಾಕೆಟ್ಟಿನ ಎರಡನೇ ಹಾರಾಟದಲ್ಲಿ ಒಂದು ವೈಕಿಂಗ್‌ನೊಳಗೆ ಉರಿ ಅಸ್ಥಿರವಾಗಿ ರಾಕೆಟ್ ಕೈಬಿಟ್ಟುಹೋಯಿತು. ಆಮೇಲೆ ಇಂಧನವನ್ನು ಒಳಗೆ ಚಿಮ್ಮಿಸುವ ಇಂಜೆಕ್ಟರ್ ತಿದ್ದಿದರು, ಇಂಧನವನ್ನೂ ಯುಎಚ್25ಕ್ಕೆ ಬದಲಿಸಿದರು.

ಈಗ ಇಸ್ರೋ ಈ ನಡುವಿನ ಹಂತದ ಜಾಗಕ್ಕೆ ಸೀಮೆಎಣ್ಣೆ ಮತ್ತು ದ್ರವ ಆಕ್ಸಿಜನ್‌ನ ಸೆಮಿಕ್ರಯೋ ಹಂತ ತರಲು ಹೊರಟಿದೆ. ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದರ ಪರೀಕ್ಷೆಗಳು ನಡೆಯುತ್ತಿವೆ. ಶುದ್ಧ ಸೀಮೆಎಣ್ಣೆ ಲೀಟರ್‌ಗೆ 800 ಗ್ರಾಂ ತೂಗುತ್ತದೆ, ಹಾಗಾಗಿ ಟ್ಯಾಂಕ್ ಚಿಕ್ಕದು. ವಿಕಾಸ್‌ಗಿಂತ ಇಂಪಲ್ಸ್ ಜಾಸ್ತಿ, ಅಷ್ಟು ವಿಷವೂ ಇಲ್ಲ. ನನ್ನ ಪ್ರಕಾರ ಇದು ಬಹಳ ಹಿಂದೆಯೇ ಆಗಬೇಕಿತ್ತು. ಒಂದು ತಕರಾರು ಉಂಟು: ಇವೆರಡೂ ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಟ್ರೈಈಥೈಲ್ ಅಲ್ಯೂಮಿನಿಯಂ, ಟ್ರೈಈಥೈಲ್ ಬೋರಾನ್ ಬೆರೆಸಿ ಒಂದು ಪುಟ್ಟ ಕೊಳವೆಯಲ್ಲಿ ತುಂಬಿಡುತ್ತಾರೆ. ಸೀಮೆಎಣ್ಣೆಗಿಂತ ಒಂದು ಕ್ಷಣ ಮುಂಚೆ ಅದು ಒಳಗೆ ನುಗ್ಗಿ, ಆಕ್ಸಿಜನ್ ಸೋಕಿದ ಕೂಡಲೇ ಉರಿ ಹಚ್ಚುತ್ತದೆ.