ನುಗ್ಗೆ ಮರ ಕಡಿಯಬೇಡಿ, ಕಂಬಳಿ ಹುಳುವಿಗೆ ಬೇರೆ ದಾರಿ ಇದೆ

"ಸಾರ್, ಕಂಬಳಿ ಹುಳ ವಿಪರೀತ ಆಗಿದೆ. ಮಕ್ಕಳು ಆಚೆ ಬರೋ ಹಾಗಿಲ್ಲ. ಮರ ಕಡಿಸಿಬಿಡೋಣ ಅಂತಿದ್ದೀವಿ."

ಮಳೆಗಾಲ ಶುರುವಾಗಿ ಕೆಲವು ವಾರ ಕಳೆದರೆ ಇಂಥ ಫೋನುಗಳು ಬರತೊಡಗುತ್ತವೆ. ಯಾವ ಮರ ಅಂತ ಕೇಳುವ ಅಗತ್ಯವೂ ಇರುವುದಿಲ್ಲ, ಬಹುಪಾಲು ನುಗ್ಗೆಯೇ. ಬೆಳೆ ಸಂರಕ್ಷಣೆ ನನ್ನ ಕೆಲಸ. ಇಷ್ಟು ವರ್ಷ ಈ ಕೆಲಸ ಮಾಡಿ ಒಂದು ವಿಷಯದಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ: ಕಂಬಳಿ ಹುಳುವಿನ ಕಾರಣಕ್ಕೆ ನುಗ್ಗೆ ಮರ ಕಡಿಯಬೇಕಾಗಿಲ್ಲ. ಆ ಹುಳುವಿನ ದಿನಚರಿ ಗೊತ್ತಿದ್ದರೆ ಅದನ್ನು ಹಿಡಿಯುವುದು ಸುಲಭ. ಗೊತ್ತಿಲ್ಲದೆ ಏನೇನೋ ಮಾಡಲು ಹೋದಾಗಲೇ ಮೈ ಊದುವುದು, ಕಣ್ಣು ಕೆಡುವುದು.

ಈ ಹುಳುವಿನ ತಾಯಿ ಒಂದು ಪತಂಗ. ವಿಜ್ಞಾನದ ಹೆಸರು ಯೂಪ್ಟೆರೋಟ್ ಮಾಲಿಫೆರಾ. 1865ರಲ್ಲಿ ಫ್ರಾನ್ಸಿಸ್ ವಾಕರ್ ಎಂಬ ಇಂಗ್ಲಿಷ್ ಕೀಟತಜ್ಞ ಇಟ್ಟ ಹೆಸರಿದು. ಹಳದಿ ಬೆರೆತ ಕಂದು ಬಣ್ಣದ ದೊಡ್ಡ ಪತಂಗ, ರೆಕ್ಕೆ ಮೇಲೆ ಎದ್ದು ಕಾಣುವ ಚಿತ್ತಾರವೇನೂ ಇಲ್ಲ. ಒಳ್ಳೆ ಮಳೆ ಬಿದ್ದ ಮೇಲೆ ರಾತ್ರಿ ಹೊತ್ತು ಜಗುಲಿಯ ದೀಪಕ್ಕೆ ಬಂದು ಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ಯಾರಿಗೂ ತೊಂದರೆ ಕೊಡುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಆದರೆ ಮನೆ ಹಿಂದೆ ನುಗ್ಗೆ ಮರ ಇರುವವರು ಈ ಪತಂಗ ಕಂಡ ದಿನವೇ ಎಚ್ಚರಾಗಬೇಕು. ಹೆಣ್ಣು ಪತಂಗ ನುಗ್ಗೆಯ ಎಲೆ ಮತ್ತು ಎಳೆ ರೆಂಬೆಗಳ ಮೇಲೆ ಗುಂಪು ಗುಂಪಾಗಿ ಮೊಟ್ಟೆ ಇಡುತ್ತದೆ. ಈ ಜಾತಿಗೆ ನುಗ್ಗೆಯೇ ಮುಖ್ಯ ಆಸರೆ. ಪಕ್ಕದಲ್ಲಿ ಕರಿಬೇವು, ಸೀಬೆ, ನಿಂಬೆ ಇದ್ದರೂ ಅದು ಹುಡುಕಿಕೊಂಡು ಬರುವುದು ನುಗ್ಗೆಯನ್ನೇ.

ಮೊಟ್ಟೆಯೊಡೆದ ಮರಿಗಳು ಮೊದಲು ಎಲೆಯ ಮೇಲ್ಪದರ ಕೆರೆದು ತಿನ್ನುತ್ತವೆ. ದೊಡ್ಡದಾದಂತೆ ಇಡೀ ಎಲೆಯನ್ನೇ ಮುಗಿಸುತ್ತವೆ, ಕಾಂಡದ ತೊಗಟೆಯನ್ನೂ ಕೆರೆಯುತ್ತವೆ. ಹುಳು ಜಾಸ್ತಿ ಇದ್ದರೆ ಮರ ಬೋಳಾಗಿ ಬರೀ ಕಡ್ಡಿ ನಿಲ್ಲುತ್ತದೆ. ನೋಡಿದವರಿಗೆ ಮರ ಸತ್ತೇ ಹೋಯಿತು ಅನ್ನಿಸುವುದು ಸಹಜ.

ಬಲಿತ ಹುಳು ಎಲೆ ತಿನ್ನುವುದು ಹೆಚ್ಚಾಗಿ ರಾತ್ರಿ. ಬೆಳಕು ಹರಿಯುತ್ತಿದ್ದಂತೆ ಎಲ್ಲವೂ ಕೊಂಬೆಯಿಂದ ಇಳಿದು ಬಂದು ಕಾಂಡದ ಮೇಲೆ ಒಂದೇ ಕಡೆ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಹೆಚ್ಚಾಗಿ ನೆರಳಿನ ಬದಿಯಲ್ಲಿ, ಕೆಲವೊಮ್ಮೆ ನಮ್ಮ ಎದೆಮಟ್ಟದಲ್ಲಿ. ದೂರದಿಂದ ನೋಡಿದರೆ ತೊಗಟೆಗೆ ಹಳೆ ಕಂಬಳಿಯ ತುಂಡು ಅಂಟಿಸಿದ ಹಾಗೆ. ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ, ಮುಟ್ಟಬೇಡಿ. ಕಂದು ಮೈ, ಅದರ ಮೇಲೆ ನೆಟ್ಟಗೆ ನಿಂತ ರೋಮದ ಕುಚ್ಚುಗಳು. ಒಂದರ ತಲೆ ಇನ್ನೊಂದರ ಮೈಗೆ ತಾಗಿಕೊಂಡಿರುತ್ತದೆ. ಯಾವುದಾದರೂ ಒಂದಕ್ಕೆ ಕಡ್ಡಿ ತಗುಲಿದರೆ ಸಾಕು, ಸುತ್ತಲಿನವೂ ಅಲುಗಾಡತೊಡಗುತ್ತವೆ. ಇಡೀ ಮರದ ಹುಳು ಹಗಲಿಡೀ ಕೈಗೆ ಸಿಗುವ ಎತ್ತರದಲ್ಲಿ, ಒಂದೇ ಕಡೆ, ಕದಲದೆ ಕೂತಿರುತ್ತದೆ ಅಂದರೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಎಲೆ ಎಲೆಗೂ ಹುಡುಕಿಕೊಂಡು ಹೋಗಬೇಕಾದ ಎಷ್ಟೋ ಹುಳುಗಳ ಜೊತೆ ಹೆಣಗಾಡಿದ ನನಗೆ ಇದು ದೊಡ್ಡ ಉಪಕಾರ ಅನ್ನಿಸುತ್ತದೆ.

ಈಗ ರೋಮದ ಮಾತು. ಹುಳು ಕಚ್ಚುವುದಿಲ್ಲ, ಮೈಮೇಲೆ ಹಾರಿ ಬೀಳುವುದೂ ಇಲ್ಲ. ತೊಂದರೆ ಇರುವುದೆಲ್ಲ ಆ ಕೂದಲಿನಲ್ಲಿ. ಸೂಕ್ಷ್ಮವಾದ, ಚೂಪು ತುದಿಯ ರೋಮಗಳು ಚರ್ಮಕ್ಕೆ ಚುಚ್ಚಿಕೊಂಡು ಅಲ್ಲೇ ಮುರಿಯುತ್ತವೆ. ಚುಚ್ಚಿದ್ದಕ್ಕೂ ಉರಿ, ಆ ರೋಮದಲ್ಲಿರುವ ಪ್ರೋಟೀನಿಗೆ ನಮ್ಮ ಮೈ ಸಿಡಿದೇಳುವುದರಿಂದಲೂ ನವೆ. ಕೆಲವೇ ನಿಮಿಷದಲ್ಲಿ ಕೆಂಪು ದದ್ದು ಏಳುತ್ತವೆ. ಕೆಲವರಿಗೆ ಸಂಜೆಯೊಳಗೆ ಇಳಿಯುತ್ತದೆ, ಕೆಲವರಿಗೆ ಎರಡು ಮೂರು ದಿನ ಕಾಡುತ್ತದೆ.

ಹುಳು ಮುಟ್ಟದೆಯೂ ನವೆ ಬರುತ್ತದೆ ಅಂತ ಹೇಳಿದರೆ ಬಹಳ ಜನ ನಂಬುವುದಿಲ್ಲ. ಆದರೆ ಅದು ನಿಜ. ಉದುರಿದ ರೋಮ ಗಾಳಿಯಲ್ಲಿ ತೇಲಿ ಒಣಗಲು ಹಾಕಿದ ಬಟ್ಟೆಗೆ ಅಂಟಿಕೊಳ್ಳುತ್ತದೆ. ನುಗ್ಗೆ ಮರದಡಿ ಬಟ್ಟೆ ಹಗ್ಗ ಕಟ್ಟಿದ ಮನೆಗಳಲ್ಲಿ ನಾನು ಮೊದಲು ಹೇಳುವುದೇ ಹಗ್ಗ ಬಿಚ್ಚಿ ಬೇರೆ ಕಡೆ ಕಟ್ಟಿ ಅಂತ. ಇನ್ನೊಂದಿದೆ. ಹುಳು ಬೆಳೆಯುತ್ತಾ ಪೊರೆ ಕಳಚುತ್ತದೆ. ಆ ಒಣ ಪೊರೆಗಳು ರೋಮದ ಸಮೇತ ಕಾಂಡಕ್ಕೇ ಅಂಟಿಕೊಂಡು ಉಳಿಯುತ್ತವೆ. ಹುಳುವೆಲ್ಲ ಹೋದ ಮೇಲೆ ಮರಕ್ಕೆ ಒರಗಿ ನಿಂತ ಮಗುವಿನ ಬೆನ್ನು ಊದಿಕೊಳ್ಳುವುದು ಇದರಿಂದಲೇ.

ಮೈಗೆ ತಗುಲಿದರೆ ಮೊದಲ ನಿಯಮ, ಉಜ್ಜಬಾರದು. ಕೈ ತಾನಾಗಿಯೇ ತುರಿಸಲು ಹೋಗುತ್ತದೆ, ತಡೆಯಬೇಕು. ಉಜ್ಜಿದಷ್ಟೂ ರೋಮ ಒಳಕ್ಕೆ ಇಳಿಯುತ್ತದೆ, ಪಕ್ಕದ ಚರ್ಮಕ್ಕೂ ಹರಡುತ್ತದೆ. ಸೊಪ್ಪಿನ ರಸ ಹಾಕಿ ತಿಕ್ಕುವ ರೂಢಿ ಹಲವು ಕಡೆ ಇದೆ. ರಸದ ಬಗ್ಗೆ ನನ್ನ ತಕರಾರಿಲ್ಲ, ತಿಕ್ಕುವುದೇ ಬೇಡ. ಮನೆಯಲ್ಲಿರುವ ಸೆಲ್ಲೋ ಟೇಪ್ ತೆಗೆದುಕೊಳ್ಳಿ. ದದ್ದು ಎದ್ದ ಜಾಗದ ಮೇಲೆ ಮೆಲ್ಲಗೆ ಅಂಟಿಸಿ, ಎಳೆದು ತೆಗೆಯಿರಿ. ಪ್ರತಿ ಸಲ ಹೊಸ ತುಂಡು ಬಳಸಿ, ಕೆಲವು ಸಲ ಹೀಗೆ ಮಾಡಿ. ಬೆಳಕಿಗೆ ಹಿಡಿದರೆ ಟೇಪಿನಲ್ಲಿ ರೋಮಗಳು ಕಾಣುತ್ತವೆ. ಆಮೇಲೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಐಸ್ ಅಥವಾ ತಣ್ಣೀರು ಬಟ್ಟೆ ಇಡಿ. ಕ್ಯಾಲಮೈನ್ ಲೋಷನ್ ಹಚ್ಚಿದರೆ ನವೆ ತಗ್ಗುತ್ತದೆ. ಹಾಕಿಕೊಂಡಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಇಲ್ಲದಿದ್ದರೆ ಮನೆಮಂದಿಗೆಲ್ಲ ನವೆ.

ಕಣ್ಣಿಗೆ ಬಿದ್ದರೆ ಮಾತ್ರ ಮನೆ ಮದ್ದು ಬೇಡವೇ ಬೇಡ. ಕಣ್ಣು ಉಜ್ಜದೆ, ನೀರು ಹಾಯಿಸಿಕೊಂಡು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಂಬಳಿ ಹುಳುವಿನ ರೋಮ ಕಣ್ಣಿನೊಳಗೆ ಮುಂದೆ ಮುಂದೆ ಸರಿಯಬಲ್ಲದು. ವಾರಗಳ ನಂತರವೂ ಕಣ್ಣು ಕೆಂಪಾಗಿ ಗಂಟು ಕಟ್ಟುವುದುಂಟು. ಉಬ್ಬಸ ಇರುವವರಿಗೆ ಉಸಿರು ಹಿಡಿದರೆ, ತುಟಿ ಮುಖ ಊದಿದರೆ ಆಗಲೂ ಕಾಯಬಾರದು.

ಸರಿ, ಹುಳು ತೆಗೆಯುವುದು ಹೇಗೆ? ಹಳ್ಳಿಗಳಲ್ಲಿ ಹಿಂದಿನಿಂದ ಬಂದ ದಾರಿ ಪಂಜು. ಕೋಲಿನ ತುದಿಗೆ ಎಣ್ಣೆ ಬಟ್ಟೆ ಸುತ್ತಿ ಹಚ್ಚಿ, ಕಾಂಡದ ಮೇಲಿನ ಗುಂಪಿಗೆ ಹಿಡಿಯುವುದು. ಇದು ಕೆಲಸ ಮಾಡುತ್ತದೆ. ಕೃಷಿ ಪುಸ್ತಕಗಳಲ್ಲೂ ಇದೇ ಸಲಹೆ ಇದೆ. ತೆರೆದ ಹೊಲದಲ್ಲಿ, ಗಾಳಿಯ ದಿಕ್ಕು ನೋಡಿಕೊಂಡು, ಒಂದು ಸಲ ಆಡಿಸಿ ತೆಗೆದುಬಿಟ್ಟರೆ ಪರವಾಗಿಲ್ಲ. ಆದರೆ ಮನೆ ಅಂಗಳದಲ್ಲಿ ನಾನು ಬೇಡ ಅನ್ನುತ್ತೇನೆ. ಹುಳು ಸುಟ್ಟು ಉದುರುವಾಗ ಸುಡದೆ ಉಳಿದ ರೋಮ ಬಿಸಿ ಗಾಳಿಯ ಜೊತೆ ಮೇಲೇಳುತ್ತದೆ, ಪಂಜು ಹಿಡಿದವರ ಮುಖಕ್ಕೇ ಬರುತ್ತದೆ. ನುಗ್ಗೆಯ ತೊಗಟೆ ಮೆತ್ತಗೆ ಬೇರೆ. ಬೆಂಕಿ ಸ್ವಲ್ಪ ಹೊತ್ತು ನಿಂತರೂ ಒಳಗಿನ ಹಸಿ ಪದರ ಬೆಂದು ಗೋಂದು ಸುರಿಯತೊಡಗುತ್ತದೆ. ಸೀಮೆಎಣ್ಣೆ ಸುರಿಯುವವರೂ ಇದ್ದಾರೆ. ಅದೂ ತೊಗಟೆಗೆ ಕೆಟ್ಟದ್ದೇ.

ನಾನು ಮಾಡಿಸುವುದು ಹೀಗೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಹೊರಡಬೇಕು. ತುಂಬು ತೋಳಿನ ಅಂಗಿ, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಬಟ್ಟೆ. ಮರದ ಬುಡದ ಸುತ್ತ ಹಳೆ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದು ಬಕೆಟ್‌ನಲ್ಲಿ ಬಟ್ಟೆ ಸೋಪಿನ ನೀರು ಕಲಸಿ, ಮೊದಲು ಆ ನೀರನ್ನೇ ಸ್ಪ್ರೇಯರಿನಿಂದ ಗುಂಪಿನ ಮೇಲೆ ಚೆನ್ನಾಗಿ ಹೊಡೆಯಿರಿ. ರೋಮ ಒದ್ದೆಯಾದರೆ ಗಾಳಿಗೆ ಏಳುವುದಿಲ್ಲ, ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಆಮೇಲೆ ಉದ್ದ ಹಿಡಿಯ ಪೊರಕೆಯಿಂದ ಹುಳುಗಳನ್ನು ಹಾಳೆಯ ಮೇಲೆ ಕೆಡವಿ ಬಕೆಟ್ಟಿಗೆ ಸುರಿಯಿರಿ. ಪೊರೆಗಳನ್ನೂ ಒದ್ದೆ ಮಾಡಿಯೇ ಕೆರೆದು ತೆಗೆಯಿರಿ. ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿ. ತೋಟದ ಮಟ್ಟದಲ್ಲಾದರೆ ಮೀನೆಣ್ಣೆ ರಾಳದ ಸಾಬೂನು ಸಿಗುತ್ತದೆ, ಲೀಟರ್ ನೀರಿಗೆ 25 ಗ್ರಾಂ ಕಲಸಿ ಹೊಡೆಯುವುದು ಶಿಫಾರಸು.

ಅಂಗಡಿಯಿಂದ ಸಿಕ್ಕ ಕೀಟನಾಶಕ ತಂದು ಮರದ ತುಂಬಾ ಹೊಡೆಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ನಾಳೆ ಬಸ್ಸಾರಿಗೆ ಹೋಗುವ ಸೊಪ್ಪು. ಪಕ್ಕದ ಮನೆಯ ಬಾಣಂತಿಗೆ ಕೊಯ್ದು ಕೊಡುವ ಸೊಪ್ಪು. ಹೂವಿಗೆ ಜೇನು ಬರುತ್ತದೆ, ಜೇನು ಬಂದರೇ ಕಾಯಿ ಹಿಡಿಯುವುದು. ಹತ್ತಿಗೆ ತಂದು ಉಳಿದ ಔಷಧಿಯನ್ನು ನುಗ್ಗೆಗೆ ಹೊಡೆಯುವುದಂತೂ ಕೂಡದು. ಔಷಧಿ ಬೇಕೇ ಬೇಕು ಅಂದರೆ ಬಿಟಿ ಬ್ಯಾಕ್ಟೀರಿಯಾದ ಪುಡಿ ಇದೆ, ಹುಳು ಇನ್ನೂ ಎಳೆಯದಾಗಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳು ಅದನ್ನು ತಿನ್ನಬೇಕು, ಮೈಗೆ ಬಿದ್ದರೆ ಏನೂ ಆಗುವುದಿಲ್ಲ. ಹಾಗಾಗಿ ಕಾಂಡಕ್ಕಲ್ಲ, ಎಲೆಗೆ ಹೊಡೆಯಬೇಕು. ಬಿಸಿಲಿಗೆ ಅದರ ಶಕ್ತಿ ಕುಂದುತ್ತದೆ, ಆದ್ದರಿಂದ ಸಂಜೆ ಹೊಡೆಯಬೇಕು. ತಿಂದ ಹುಳು ಮೊದಲು ಮೇಯುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಹಿಡಿಯುತ್ತದೆ. ಮರುದಿನ ಹುಳು ಇನ್ನೂ ಅಲ್ಲಾಡುತ್ತಿದೆ ಅಂತ ಗಾಬರಿಯಾಗಿ ಬೇರೆ ವಿಷ ಹೊಡೆಯಬೇಡಿ.

ಬಲಿತ ಹುಳು ಕೊನೆಗೆ ಬುಡಕ್ಕಿಳಿದು ಮಣ್ಣಿನಲ್ಲಿ, ತರಗೆಲೆಯಡಿಯಲ್ಲಿ ಗೂಡು ಕಟ್ಟಿ ಕೋಶವಾಗುತ್ತದೆ. ಹೀಗಾಗಿ ಹುಳುವಿನ ಕಾಟ ಮುಗಿದ ಮೇಲೆ ಬುಡದ ಕಸ ಗುಡಿಸಿ, ಗುದ್ದಲಿಯಿಂದ ಮೇಲು ಮೇಲಿನ ಮಣ್ಣು ತಿರುವಿ ಹಾಕಿದರೆ ಮುಂದಿನ ಕಾಟ ಅಷ್ಟರಮಟ್ಟಿಗೆ ಕಡಿಮೆ. ಗೂಡಿನಲ್ಲೂ ರೋಮ ಇರುತ್ತದೆ, ಬರಿಗೈ ಹಾಕಬೇಡಿ. ಕೋಳಿ ಸಾಕಿದವರು ಆ ಹೊತ್ತಿಗೆ ಕೋಳಿ ಬಿಟ್ಟರೆ ಕೆರೆದು ಹುಡುಕುತ್ತವೆ. ಹೆಚ್ಚು ಮರ ಇರುವ ರೈತರು ಮಳೆ ಬಿದ್ದ ಮೇಲೆ ಹೆಕ್ಟೇರಿಗೆ ಒಂದರಂತೆ ಬೆಳಕಿನ ಬಲೆ ಇಟ್ಟರೆ ಪತಂಗಗಳು ಮೊಟ್ಟೆ ಇಡುವ ಮೊದಲೇ ಸಿಗುತ್ತವೆ. ಮೊಟ್ಟೆ ಗುಂಪು ಕಂಡ ಎಲೆ, ರೆಂಬೆ ಕಿತ್ತು ಹಾಕಿಬಿಟ್ಟರಂತೂ ಮುಂದಿನ ಯಾವ ರಗಳೆಯೂ ಇಲ್ಲ.

ನಮ್ಮ ಪರವಾಗಿ ಕೆಲಸ ಮಾಡುವವರು ಇನ್ನೂ ಇದ್ದಾರೆ. ಮುಂಗಾರಿನ ಜೊತೆ ಬರುವ ಚಾತಕ ಪಕ್ಷಿಗೆ ಕಂಬಳಿ ಹುಳು ಅಂದರೆ ಹಬ್ಬದೂಟ. ಬೇರೆ ಹಕ್ಕಿಗಳು ದೂರ ಇಡುವ ಹುಳುವನ್ನು ಅದು ಕೊಕ್ಕಿನಲ್ಲಿ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒತ್ತಿ ಒತ್ತಿ ಒಳಗಿನ ಕರುಳನ್ನೆಲ್ಲ ಹೊರಗೆ ಹಾಕಿ ಆಮೇಲೆ ನುಂಗುತ್ತದೆ. ಕಂಬಳಿ ಹುಳುಗಳ ಮೈಯಲ್ಲೇ ಬೆಳೆದು ಅವನ್ನು ಕೊಲ್ಲುವ ಸಣ್ಣ ಕಣಜಗಳೂ ನೊಣಗಳೂ ಇವೆ. ವಿಷ ಹೊಡೆದರೆ ಮೊದಲು ಸಾಯುವವು ಇವೇ.

ಇದೇ ಕುಲದ ಬೇರೆ ಪತಂಗಗಳು ಕೊಡಗು, ಸಕಲೇಶಪುರದ ಏಲಕ್ಕಿ ಬೆಳೆಗಾರರಿಗೆ ಚೆನ್ನಾಗಿ ಪರಿಚಯ. ಅಲ್ಲಿ ಹುಳು ಇನ್ನೂ ಎಳೆಯದಾಗಿದ್ದಾಗ ನೆರಳು ಮರಗಳ ಎಲೆ ತಿಂದು, ಬೆಳೆದ ಮೇಲೆ ನೂಲು ಬಿಟ್ಟುಕೊಂಡು ಕೆಳಗಿನ ಏಲಕ್ಕಿಗೆ ಇಳಿಯುತ್ತದೆ. ಅಂಥ ತೋಟದಲ್ಲಿ ತಲೆ ಎತ್ತಿ ಮರ ನೋಡದೆ ಬರೀ ಏಲಕ್ಕಿ ನೋಡಿದರೆ ತಡವಾಗಿರುತ್ತದೆ. ಇನ್ನು ತೆಂಗು, ಮಾವು, ಹರಳು ಗಿಡಗಳ ಎಲೆಯ ಅಡಿಯಲ್ಲಿ ಕೈಗೆ ಕರೆಂಟ್ ಹೊಡೆದ ಹಾಗೆ ಚುಚ್ಚುವ ಹಸಿರು ಹುಳು ಇದೆಯಲ್ಲ, ಬೆನ್ನ ಮೇಲೆ ನೀಲಿ ಪಟ್ಟೆ ಇರುವುದು, ಅದು ಬೇರೆಯೇ ಕುಟುಂಬದ್ದು. ಪರಾಸಾ ಲೆಪಿಡಾ ಅಂತ ಹೆಸರು. ಅದಕ್ಕೆ ಕೂದಲಿಲ್ಲ, ವಿಷ ತುಂಬಿದ ಮುಳ್ಳಿನ ಕುಚ್ಚುಗಳಿವೆ. ನೋವು ತಕ್ಷಣ, ಜೋರು. ಮೈಗೆ ತಗುಲಿದಾಗ ಮಾಡಬೇಕಾದದ್ದು ಮಾತ್ರ ಅದೇ: ಟೇಪ್, ಸೋಪು, ಐಸ್.

ಬೋಳಾದ ನುಗ್ಗೆ ಮರದ ಗತಿ ಏನು ಅಂತ ಕೇಳಿದರೆ, ಅದು ಚಿಗುರುತ್ತದೆ. ಈ ಮರ ಕಡಿದಷ್ಟೂ ಚಿಗುರುವ ಜಾತಿಯದು. ಪಿಕೆಎಂ-1 ತಳಿ ಬೆಳೆಯುವ ರೈತರು ಕೊಯ್ಲು ಮುಗಿದ ಮೇಲೆ ಬೇಕೆಂದೇ ನೆಲದಿಂದ ಸುಮಾರು ಮೂರು ಅಡಿ ಬಿಟ್ಟು ಇಡೀ ಗಿಡವನ್ನು ಕತ್ತರಿಸುತ್ತಾರೆ, ಅದು ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಎಲೆ ಕಳೆದುಕೊಂಡ ಮರಕ್ಕೆ ಬುಡದಲ್ಲಿ ಒಂದಿಷ್ಟು ಕೊಟ್ಟಿಗೆ ಗೊಬ್ಬರ ಹಾಕಿ, ಮಳೆ ಕೈಕೊಟ್ಟರೆ ನೀರು ಕೊಡಿ, ಸಾಕು.

ಮನೆಯಂಗಳದ ಮರವನ್ನು ಎತ್ತರಕ್ಕೆ ಬಿಡದೆ ಪ್ರತಿ ವರ್ಷ ಕಾಯಿ ಮುಗಿದ ಮೇಲೆ ಎದೆಮಟ್ಟಕ್ಕೆ ಸವರಿಸಿ. ಗಿಡ್ಡ ಮರದಲ್ಲಿ ಮೊಟ್ಟೆ ಗುಂಪು ಕೈಗೆ ಸಿಗುತ್ತದೆ, ಸೊಪ್ಪು ಕೊಯ್ಯಲು ಏಣಿಯೂ ಬೇಡ. ಹೊಸದಾಗಿ ನೆಡುವವರು ಕಿಟಕಿ, ಬಟ್ಟೆ ಒಣಹಾಕುವ ಜಾಗ, ಮಕ್ಕಳು ಆಡುವ ಜಾಗದಿಂದ ಒಂದಿಷ್ಟು ದೂರದಲ್ಲಿ, ಕಾಂಡದ ಸುತ್ತ ಓಡಾಡಲು ಜಾಗ ಬಿಟ್ಟು ನೆಡಿ. ಕಾಂಪೌಂಡ್ ಗೋಡೆಗೆ ಒತ್ತಿ ನೆಟ್ಟರೆ ಗೋಡೆ ಕಡೆಯ ಬದಿಯಲ್ಲಿ ಹುಳು ಕೂತಿದ್ದು ನಿಮಗೆ ಕಾಣುವುದೇ ಇಲ್ಲ.